ಮುಷ್ಟಿ ಗಟ್ಟಿಯಾಗುವ ಮುನ್ನ ನೆಟ್ಟಗಾಗಬೇಕು

ಕೊರಿಯಾದ ಹಳೆಯ ದೋಜಾಂಗುಗಳಲ್ಲಿ, ಅಂದರೆ ಅಲ್ಲಿನ ಗರಡಿಮನೆಗಳಲ್ಲಿ, ನೆಲದಲ್ಲಿ ನೆಟ್ಟ ಹಲಗೆಯೊಂದು ಇರುತ್ತಿತ್ತು. ಎದೆಯ ಎತ್ತರಕ್ಕೆ ಬರುವ ಅದರ ತುದಿಗೆ ಭತ್ತದ ಹುಲ್ಲಿನ ಹುರಿಯನ್ನು ಒತ್ತೊತ್ತಾಗಿ ಸುತ್ತುತ್ತಿದ್ದರು. ಶಿಷ್ಯರು ಸರದಿಯಲ್ಲಿ ಬಂದು ಅದಕ್ಕೆ ಗುದ್ದಬೇಕು. ಬಲಗೈಗೆ ಎಷ್ಟೋ ಎಡಗೈಗೂ ಅಷ್ಟೇ. ಕೆಲವರು ದಲ್ಯೊನ್‌ಜು ಎಂದೂ ಕೆಲವರು ಕ್ವೊನ್‌ಗೊ ಎಂದೂ ಕರೆಯುವ ಈ ಹಲಗೆ ಈಗಿನ ಟೇಕ್ವಾಂಡೋ ತರಗತಿಗಳಲ್ಲಿ ಅಪರೂಪ. ಬಣ್ಣದ ಮ್ಯಾಟು, ಎದೆಗವಚ, ಒದೆಯುವ ಪ್ಯಾಡು ಬಂದು ಅದರ ಜಾಗ ಹಿಡಿದಿವೆ.

ಇದಕ್ಕೆ ಕಾರಣ ಹುಡುಕಬೇಕಾದದ್ದು ಅಂಕಪಟ್ಟಿಯಲ್ಲಿ. ಒಲಿಂಪಿಕ್ಸ್ ಮಾದರಿಯ ಪಂದ್ಯದಲ್ಲಿ ಎದೆಗವಚಕ್ಕೆ ಬಿದ್ದ ಗುದ್ದಿಗೆ 1 ಅಂಕ, ತಲೆಗೆ ತಾಗಿದ ಒದೆತಕ್ಕೆ ಕನಿಷ್ಠ 3. ಮುಖಕ್ಕೆ ಕೈಯಿಂದ ಹೊಡೆಯುವುದಂತೂ ನಿಷಿದ್ಧ. ಹೀಗಿರುವಾಗ ಮುಷ್ಟಿಗೆ ಸಮಯ ಕೊಡುವ ಕೋಚ್ ಯಾರು? ಬೆಂಗಳೂರಿನ ಬಡಾವಣೆಯ ಸಭಾಂಗಣದಲ್ಲೋ ಶಾಲೆಯ ಮೈದಾನದಲ್ಲೋ ಸಂಜೆ ಕಲಿಯುವ ಮಕ್ಕಳು ಬಣ್ಣದ ಬೆಲ್ಟುಗಳನ್ನು ದಾಟಿಕೊಂಡು ಹೋಗುತ್ತಾರೆ, ಮುಷ್ಟಿ ಕಟ್ಟುವುದನ್ನು ಮಾತ್ರ ಯಾರೂ ಕೂತು ತಿದ್ದಿರುವುದಿಲ್ಲ. ಆಮೇಲೆ ಒಂದು ದಿನ ಪ್ರದರ್ಶನವೋ ಬೆಲ್ಟ್ ಪರೀಕ್ಷೆಯೋ ಬಂದಾಗ ‘ಹಲಗೆ ಮುರಿ’ ಎನ್ನುತ್ತಾರೆ. ಇಲ್ಲವೇ ಹದಿನೆಂಟರ ಹುಡುಗ ವಿಡಿಯೋ ನೋಡಿ ಮನೆಯ ಗೋಡೆಗೆ ಗುದ್ದಲು ಶುರುಮಾಡುತ್ತಾನೆ. ಈ ಲೇಖನ ಮುಖ್ಯವಾಗಿ ಅಂಥವರಿಗೆ, ಅವರ ಮನೆಯವರಿಗೆ.

ಮೊದಲು ಒಂದು ಭ್ರಮೆ ಕಳೆಯೋಣ. ಕೈ ಗಟ್ಟಿಮಾಡುವ ಈ ಪದ್ಧತಿ ಎರಡು ಸಾವಿರ ವರ್ಷದಿಂದ ಕೊರಿಯಾದ ಬೆಟ್ಟಗಳಲ್ಲಿ ಗುಟ್ಟಾಗಿ ಉಳಿದುಬಂದದ್ದು ಎಂದು ಜಾಹೀರಾತು ಹೇಳುತ್ತದೆ. ದಾಖಲೆ ಅಷ್ಟು ಉದಾರವಾಗಿಲ್ಲ. ಕೊರಿಯಾದ್ದೇ ಆದ ತೆಕ್ಯೊನ್ ಬಹುಪಾಲು ಕಾಲಿನ ಆಟ. 1790ರಲ್ಲಿ ಜೊಂಗ್‌ಜೊ ದೊರೆಯ ಆಜ್ಞೆಯಂತೆ ಸಿದ್ಧವಾದ ‘ಮುಯೆ ದೋಬೊ ತೊಂಗ್‌ಜಿ’ ಎಂಬ ಸೈನಿಕ ಕೈಪಿಡಿಯ 24 ವಿದ್ಯೆಗಳಲ್ಲಿ ಬರಿಗೈಯದು ಒಂದೇ. ಅದರ ಮೂಲವೂ ಚೀನಾದ ಸೇನಾಪತಿ ಚೀ ಜಿಗ್ವಾಂಗ್‌ನ ಗ್ರಂಥಕ್ಕೆ ಹೋಗಿ ಮುಟ್ಟುತ್ತದೆ.

ಹುಲ್ಲು ಸುತ್ತಿದ ಹಲಗೆ ಬಂದದ್ದು ಬೇರೆ ದಾರಿಯಲ್ಲಿ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಓದಲು ಜಪಾನಿಗೆ ಹೋದ ಕೊರಿಯನ್ ಯುವಕರು ಅಲ್ಲಿ ಕರಾಟೆ ಕಲಿತರು. ಓಕಿನಾವಾ ದ್ವೀಪದಿಂದ ಟೋಕಿಯೋಗೆ ಬಂದು ನೆಲೆಸಿದ್ದ ಗಿಚಿನ್ ಫುನಾಕೋಶಿಯ ಬಳಿ ಕಲಿತ ಲೀ ವೊನ್ ಕುಕ್ 1944ರಲ್ಲಿ ಸೋಲ್‌ನಲ್ಲಿ ಚುಂಗ್ ದೋ ಕ್ವಾನ್ ಎಂಬ ಶಾಲೆ ತೆರೆದ. ಅದೇ ಗುರುವಿನ ಇನ್ನೊಬ್ಬ ಶಿಷ್ಯ ರೋ ಬ್ಯುಂಗ್ ಜಿಕ್ ಕೇಸೊಂಗ್ ಪಟ್ಟಣದಲ್ಲಿ ಸೊಂಗ್ ಮೂ ಕ್ವಾನ್ ಕಟ್ಟಿದ. ಓಕಿನಾವಾದಲ್ಲಿ ಮಕಿವಾರಾ ಎನ್ನುತ್ತಿದ್ದ ಹಲಗೆ ಇಂಥವರ ಜೊತೆ ಸಮುದ್ರ ದಾಟಿತು. ಚೀನೀ ಪದ್ಧತಿಯ ಮರಳು, ಕಾಳು, ಕಬ್ಬಿಣದ ಹರಳಿನ ಸಾಧನೆಯೂ ಪಕ್ಕದಲ್ಲೇ ಇತ್ತು. ಕೊರಿಯನ್ನರು ಅದನ್ನು ಚೊಲ್ಸಾಜಾಂಗ್ ಎನ್ನುತ್ತಾರೆ. ಟೇಕ್ವಾಂಡೋ ಎಂಬ ಹೆಸರು ಹುಟ್ಟಿದ್ದೇ 1955ರಲ್ಲಿ. ಆದ್ದರಿಂದ ಇಲ್ಲಿ ‘ಸಾಂಪ್ರದಾಯಿಕ’ ಎಂದರೆ ಸುಮಾರು ಎಂಬತ್ತು ವರ್ಷದ, ಮೂರು ದೇಶದ ಬೆರಕೆಯಿರುವ ಸಂಪ್ರದಾಯ. ಇದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ. ಆದರೆ ‘ಪುರಾತನ ರಹಸ್ಯ’ ಎಂದು ಯಾರಾದರೂ ಎಣ್ಣೆ ಮಾರಲು ಬಂದರೆ ಜೇಬಿನ ಮೇಲೆ ಕೈ ಇರಲಿ.

ಮುಷ್ಟಿ ಕಟ್ಟುವುದು

ಬೆರಳುಗಳನ್ನು ತುದಿಯಿಂದ ಸುರುಳಿ ಸುತ್ತುತ್ತ ಬನ್ನಿ. ಮೊದಲು ಬೆರಳ ತುದಿಗಳು ಬೆರಳ ಬುಡವನ್ನು ಮುಟ್ಟಬೇಕು, ಆಮೇಲೆ ಇಡೀ ಸುರುಳಿ ಅಂಗೈಯೊಳಗೆ ಕೂರಬೇಕು. ಹೆಬ್ಬೆರಳು ಹೊರಗಿನಿಂದ ಬಂದು ತೋರುಬೆರಳು ಮತ್ತು ನಡುಬೆರಳಿನ ಮೇಲೆ ಬಿಗಿಯಾಗಿ ಮಲಗಲಿ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡವರು ಒಂದೇ ಗುದ್ದಿಗೆ ಅದನ್ನು ಮುರಿದುಕೊಳ್ಳುತ್ತಾರೆ. ಅದು ಮುಂದಕ್ಕೆ ಚಾಚಿಕೊಂಡಿದ್ದರೆ ಉಳುಕು ಖಂಡಿತ.

ತಾಗಬೇಕಾದದ್ದು ಎರಡೇ ಗೆಣ್ಣು: ತೋರುಬೆರಳಿನದು, ನಡುಬೆರಳಿನದು. ಇವೆರಡರ ಹಿಂದಿನ ಅಂಗೈಮೂಳೆಗಳು ಮಣಿಕಟ್ಟಿಗೆ ಅಲುಗಾಡದಂತೆ ಬೆಸೆದುಕೊಂಡಿವೆ. ಅಲ್ಲಿಂದ ಹೊರೆ ಮುಂಗೈಯ ದಪ್ಪ ಮೂಳೆಗೆ ನೇರವಾಗಿ ಸಾಗುತ್ತದೆ. ಉಂಗುರಬೆರಳು ಮತ್ತು ಕಿರುಬೆರಳಿನ ಮೂಳೆಗಳು ಹಾಗಲ್ಲ. ಮುಷ್ಟಿ ಸಡಿಲಿಸಿ, ಇನ್ನೊಂದು ಕೈಯಿಂದ ಕಿರುಬೆರಳಿನ ಗೆಣ್ಣನ್ನು ಹಿಡಿದು ಮೇಲೆ ಕೆಳಗೆ ಆಡಿಸಿ ನೋಡಿ, ಆಡುತ್ತದೆ. ತೋರುಬೆರಳಿನದನ್ನು ಆಡಿಸಿ; ಆಡುವುದಿಲ್ಲ. ಮೂಳೆ ವೈದ್ಯರು ‘ಬಾಕ್ಸರ್ ಫ್ರಾಕ್ಚರ್’ ಎನ್ನುವುದು ಕಿರುಬೆರಳಿನ ಅಂಗೈಮೂಳೆಯ ಕುತ್ತಿಗೆ ಮುರಿಯುವುದಕ್ಕೆ. ಸಿಟ್ಟಿನಲ್ಲಿ ಗೋಡೆಗೋ ಬಾಗಿಲಿಗೋ ಗುದ್ದಿದ ಹುಡುಗರ ಎಕ್ಸ್‌ರೇಯಲ್ಲಿ ಮತ್ತೆ ಮತ್ತೆ ಕಾಣುವುದು ಇದೇ. ಹೆಸರಲ್ಲಿ ಬಾಕ್ಸರ್ ಇದ್ದರೂ, ಸರಿಯಾಗಿ ಗುದ್ದಲು ಬರದವರಿಗೆ ಆಗುವ ಪೆಟ್ಟು ಅದು.

ಇನ್ನು ಮಣಿಕಟ್ಟು. ಮುಷ್ಟಿಯ ಬೆನ್ನಿನಿಂದ ಮೊಣಕೈವರೆಗೆ ಒಂದು ಸ್ಕೇಲು ಇಟ್ಟರೆ ನಡುವೆ ಬೆಳಕು ಕಾಣಬಾರದು. ಹಾಗೆಯೇ ಮುಷ್ಟಿ ಕಿರುಬೆರಳ ಕಡೆಗೋ ಹೆಬ್ಬೆರಳ ಕಡೆಗೋ ವಾಲಬಾರದು. ಇದನ್ನು ಪರೀಕ್ಷಿಸಲು ಹಲಗೆ ಬೇಡ. ಚಾಪೆಯ ಮೇಲೆ ಮುಷ್ಟಿಯೂರಿ ದಂಡ ಹೊಡೆಯುವ ಭಂಗಿಯಲ್ಲಿ ನಿಲ್ಲಿ. ಭಾರವೆಲ್ಲ ಆ ಎರಡು ಗೆಣ್ಣಿನ ಮೇಲಿರಲಿ. ಹತ್ತು ಉಸಿರು ಅಲುಗಾಡದೆ ನಿಲ್ಲಲು ಆಗದಿದ್ದರೆ, ಮಣಿಕಟ್ಟು ನಡುಗಿ ಮಡಚಿಕೊಳ್ಳುತ್ತಿದ್ದರೆ, ಗುದ್ದುವ ವಿಷಯ ಸದ್ಯಕ್ಕೆ ಮರೆತುಬಿಡಿ. ಹಳೆಯ ದೋಜಾಂಗುಗಳು ಹೊಸಬರಿಂದ ಮರದ ನೆಲದ ಮೇಲೆ ಮುಷ್ಟಿದಂಡ ಹೊಡೆಸುತ್ತಿದ್ದುದು ಸುಮ್ಮನೆ ಗೋಳು ಹೊಯ್ದುಕೊಳ್ಳಲು ಅಲ್ಲ. ಕೆಲವು ಗುರುಗಳಿಗೆ ಆ ಆಸೆಯೂ ಇತ್ತು ಅನ್ನಿ.

ಕೈ ಗಟ್ಟಿಮಾಡಿಕೊಳ್ಳುವ ಇಡೀ ಸಾಧನೆಯ ಬಗ್ಗೆ ನನ್ನ ಮಾತು ಇಷ್ಟೇ: ಹಲಗೆ ಕಲಿಸಬೇಕಾದದ್ದು ಈ ನೇರವನ್ನು. ಮಣಿಕಟ್ಟು ಸೊಟ್ಟಗಿದ್ದರೆ ಗಾಳಿಯಲ್ಲಿ ಸಾವಿರ ಗುದ್ದು ಹೊಡೆದರೂ ಗೊತ್ತಾಗುವುದಿಲ್ಲ. ಹಲಗೆಗೆ ಒಂದು ಹೊಡೆದರೆ ಗೊತ್ತಾಗುತ್ತದೆ. ಗೆಣ್ಣಿನ ಮೇಲೆ ಜಡ್ಡು ಬೀಳುವುದು ಆ ಕಲಿಕೆಯ ಜೊತೆ ಬರುವ ಉಪಫಲ ಮಾತ್ರ. ಜಡ್ಡನ್ನೇ ಗುರಿ ಮಾಡಿಕೊಂಡವರು ಚರ್ಮ ದಪ್ಪ ಮಾಡಿಕೊಂಡು, ಒಳಗಿನ ಕೀಲು ಹಾಳುಮಾಡಿಕೊಳ್ಳುತ್ತಾರೆ.

ಯಾವ ಏಟಿಗೆ ಕೈಯ ಯಾವ ಭಾಗ

ಮುಷ್ಟಿಯ ಗುದ್ದಿಗೆ ಕೊರಿಯನ್ನರು ಜಿರುಗಿ ಎನ್ನುತ್ತಾರೆ. ಮುಷ್ಟಿ ಸೊಂಟದ ಬಳಿ ಅಂಗೈ ಮೇಲಾಗಿ ಶುರುವಾಗಿ, ಮೊಣಕೈ ಪಕ್ಕೆಗೆ ಸವರಿಕೊಂಡು ಹೋಗಿ, ಕಡೆಯ ಗಳಿಗೆಯಲ್ಲಿ ಮಗುಚಿ ಅಂಗೈ ಕೆಳಗಾಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕೈ ಸೊಂಟಕ್ಕೆ ವಾಪಸು ಬರುತ್ತದೆ. ಬಲ ಬರುವುದು ಭುಜದಿಂದಲ್ಲ, ಹಿಂಗಾಲಿನ ಹಿಮ್ಮಡಿಯಿಂದ ಹೊರಟು ಸೊಂಟ ತಿರುಗಿದಾಗ. ಕೈ ಬಿಗಿಯಬೇಕಾದದ್ದು ತಾಗುವ ಕ್ಷಣದಲ್ಲಿ ಮಾತ್ರ. ದಾರಿಯುದ್ದಕ್ಕೂ ಬಿಗಿದುಕೊಂಡರೆ ವೇಗ ಸಾಯುತ್ತದೆ.

ಕೈಯ ಅಂಚಿನ ಏಟು ಸೊನ್ನಾಲ್. ಸಿನಿಮಾಗಳು ಹೆಚ್ಚು ಕೆಡಿಸಿರುವುದು ಇದನ್ನೇ. ತಾಗಬೇಕಾದದ್ದು ಕಿರುಬೆರಳಲ್ಲ, ಬೆರಳಿನ ಬುಡಕ್ಕೂ ಮಣಿಕಟ್ಟಿಗೂ ನಡುವಿನ ಮಾಂಸಲ ಭಾಗ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಗೆಣ್ಣಿನಲ್ಲಿ ಒಂಚೂರು ಬಾಗಿರಲಿ, ಹೆಬ್ಬೆರಳು ಮಡಚಿ ಒಳಗೆ ಸೇರಿರಲಿ. ಕೈ ಕಿವಿಯ ಬಳಿಯಿಂದ ಹೊರಟು ಕತ್ತಿನ ಪಕ್ಕಕ್ಕೋ ಕೊರಳಮೂಳೆಗೋ ಬರುತ್ತದೆ. ಏಟು, ತಡೆಗಳನ್ನು ಗೊತ್ತಾದ ಸಾಲಿನಲ್ಲಿ ಒಬ್ಬರೇ ಮಾಡುವ ಅಭ್ಯಾಸಕ್ಕೆ ಪೂಮ್ಸೆ ಎನ್ನುತ್ತಾರೆ. ಅವುಗಳಲ್ಲಿ ತೇಗುಕ್ ಎಂಬ ಸರಣಿಯ ಮೂರನೆಯದರಲ್ಲಿ ಈ ಏಟು ಬರುವುದನ್ನು ಹಸಿರು ಬೆಲ್ಟಿನ ಮಕ್ಕಳೂ ಬಲ್ಲರು. ಆದರೆ ಬಹಳ ಮಕ್ಕಳ ಕೈ ಮಣಿಕಟ್ಟಿನಲ್ಲೇ ಜೋತುಬಿದ್ದಿರುತ್ತದೆ.

ಬೆರಳ ತುದಿಯ ತಿವಿತ ಪ್ಯೊನ್ಸೊನ್‌ಕುತ್ ನಾಲ್ಕನೆಯ ಪೂಮ್ಸೆಯಲ್ಲಿದೆ. ನಡುಬೆರಳನ್ನು ಸ್ವಲ್ಪ ಮಡಚಿ ಅಕ್ಕಪಕ್ಕದ ಬೆರಳುಗಳ ತುದಿಗೆ ಸಾಲಾಗಿ ಕೂರಿಸಬೇಕು, ಇಲ್ಲದಿದ್ದರೆ ಉದ್ದದ ಬೆರಳೊಂದೇ ಹೊರೆ ಹೊರುತ್ತದೆ. ಹಳಬರು ಇದಕ್ಕಾಗಿ ಮರಳಿನ ಡಬ್ಬಿಗೋ ಕಾಳಿನ ಡಬ್ಬಿಗೋ ಬೆರಳು ತಿವಿಯುತ್ತಿದ್ದರು. ನನ್ನ ಸಲಹೆ ಕೇಳಿದರೆ, ಪೂಮ್ಸೆಯಲ್ಲಿ ಚೆಂದವಾಗಿ ಮಾಡಿ, ಡಬ್ಬಿಯ ತಂಟೆಗೆ ಹೋಗಬೇಡಿ. ಬೆರಳ ತುದಿಯ ಸಣ್ಣ ಕೀಲುಗಳು ಇಂಥ ಹೊಡೆತಕ್ಕೆ ಹುಟ್ಟಿದವಲ್ಲ. ಪೆನ್ನು ಹಿಡಿಯುವ, ವೀಣೆ ಮೀಟುವ, ಕೀಬೋರ್ಡ್ ಕುಟ್ಟುವ ಕೈ ನಿಮ್ಮದಾದರೆ ಅದು ಕೊಡುವುದಕ್ಕಿಂತ ಕಸಿದುಕೊಳ್ಳುವುದೇ ಹೆಚ್ಚು.

ಮುಷ್ಟಿಯ ಬೆನ್ನಿನ ಏಟು ದುಂಗ್‌ಜುಮೊಕ್ ಚಾಟಿಯ ಹಾಗೆ ಹೋಗಿ ಹಾಗೆಯೇ ವಾಪಸು ಬರಬೇಕು. ಇದು ಗಟ್ಟಿ ವಸ್ತುವಿಗೆ ಹೊಡೆಯುವುದಲ್ಲ. ಅಲ್ಲಿ ಚರ್ಮದ ಕೆಳಗೆ ನೇರವಾಗಿ ಸ್ನಾಯುರಜ್ಜು, ಮೂಳೆ. ಮುಷ್ಟಿಯ ಕಿರುಬೆರಳ ಬದಿಯಿಂದ ಕೆಳಕ್ಕೆ ಕುಟ್ಟುವ ಮೇಜುಮೊಕ್ ಮಾತ್ರ ಹೊಸಬರಿಗೂ ಧೈರ್ಯವಾಗಿ ಕಲಿಸಬಹುದಾದ ಏಟು. ಮಾಂಸದ ಮೆತ್ತೆ ಇದೆ, ಮಣಿಕಟ್ಟು ಮಡಚುವ ಭಯವಿಲ್ಲ.

ಇನ್ನೊಂದು ಬಾತಾಂಗ್‌ಸೊನ್, ಅಂಗೈಯ ಬುಡ. ಬೆರಳು ಹಿಂದಕ್ಕೆ ಬಾಗಿಸಿ ಮಣಿಕಟ್ಟಿನ ಮೇಲಿನ ದಪ್ಪ ಭಾಗದಿಂದ ತಳ್ಳುವಂತೆ ಹೊಡೆಯುವುದು. ಆತ್ಮರಕ್ಷಣೆಗೆ ಒಂದೇ ಒಂದು ಏಟು ಕಲಿಸಿ ಎಂದು ಕೇಳುವವರಿಗೆ ನಾನು ತೋರಿಸುವುದು ಇದನ್ನು. ಮನುಷ್ಯನ ಹಣೆ, ದವಡೆ ಗಟ್ಟಿ. ಅಭ್ಯಾಸವಿಲ್ಲದ ಮುಷ್ಟಿ ಅಲ್ಲಿಗೆ ಬಿದ್ದರೆ ಮುರಿಯುವುದು ಮುಷ್ಟಿಯೇ. ಅಂಗೈಗೆ ಆ ಅಪಾಯ ಕಡಿಮೆ. ಒಂದು ಎಚ್ಚರಿಕೆಯಿದೆ. ಅಂಗೈಯ ಕಿರುಬೆರಳ ಬದಿಯ ಉಬ್ಬಿನ ಬುಡದಲ್ಲಿ, ಚರ್ಮಕ್ಕೆ ತೀರ ಹತ್ತಿರವಾಗಿ, ಕೈಗೆ ರಕ್ತ ಒಯ್ಯುವ ನಾಳವೊಂದು ನರದ ಜೊತೆ ಹಾದುಹೋಗುತ್ತದೆ. ಅಲ್ಲಿಗೇ ಪದೇ ಪದೇ ಪೆಟ್ಟು ಬಿದ್ದರೆ ನಾಳದ ಗೋಡೆ ಕೆಟ್ಟು ರಕ್ತ ಹೆಪ್ಪುಗಟ್ಟಬಹುದು. ಅಂಗೈಯನ್ನೇ ಸುತ್ತಿಗೆಯಂತೆ ಬಳಸುವ ಮೆಕ್ಯಾನಿಕ್ಕುಗಳಲ್ಲಿ, ಬಡಗಿಗಳಲ್ಲಿ ವೈದ್ಯರು ಗುರುತಿಸಿದ ಈ ತೊಂದರೆ ಕರಾಟೆಯವರಲ್ಲೂ ಕಂಡಿದೆ. ಕಿರುಬೆರಳು, ಉಂಗುರಬೆರಳು ಬಿಳಿಚಿಕೊಂಡು ತಣ್ಣಗಾಗುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅಂಗೈಯ ನಡುಗೆರೆಗಿಂತ ಹೆಬ್ಬೆರಳ ಬದಿಗೆ ಹೊರೆ ಬೀಳುವಂತೆ ತಿದ್ದಿಕೊಂಡರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ.

ಒಳಗೆ ಏನು ನಡೆಯುತ್ತದೆ

ಚರ್ಮ ದಪ್ಪಗಾಗಲು ಕೆಲವು ವಾರ ಸಾಕು. ಮೂಳೆ ನಿಧಾನ. ಬಿದ್ದ ಹೊರೆಗೆ ತಕ್ಕಂತೆ ಮೂಳೆ ತನ್ನ ರಚನೆ ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದ. ಹಳೆಯ ಮೂಳೆ ಕರಗಿ ಅದೇ ಜಾಗದಲ್ಲಿ ಹೊಸದು ಕೂಡಿಕೊಳ್ಳುವ ಒಂದು ಸುತ್ತಿಗೆ ತಿಂಗಳುಗಳೇ ಬೇಕು. ಈ ಸುತ್ತು ಮುಗಿಯುವ ಮೊದಲೇ ಹೊರೆ ಏರಿಸಿದರೆ ಮೂಳೆ ಗಟ್ಟಿಯಾಗುವ ಬದಲು ಕೂದಲೆಳೆಯಷ್ಟು ಬಿರಿಯುತ್ತದೆ. ಕೀಲಿನ ತುದಿಗಳನ್ನು ಮುಚ್ಚಿರುವ ಮೃದ್ವಸ್ಥಿಯ ಕತೆ ಇನ್ನೂ ಕಷ್ಟದ್ದು: ಅದಕ್ಕೆ ರಕ್ತನಾಳವಿಲ್ಲ, ಸವೆದರೆ ಮತ್ತೆ ಬೆಳೆಯುವುದು ಕನಸು. ನೋವು ಗೊತ್ತಾಗದಿರುವುದನ್ನೇ ಸಾಧನೆ ಎಂದು ಹೇಳಿಕೊಳ್ಳುವವರನ್ನು ನಂಬಬೇಡಿ. ಕೈ ಮರಗಟ್ಟಿದೆ ಎಂದರೆ ಗಟ್ಟಿಯಾಗಿದೆ ಎಂದಲ್ಲ, ನರ ದೂರು ಕೊಡುವುದನ್ನು ನಿಲ್ಲಿಸಿದೆ ಎಂದಷ್ಟೇ.

ಹಾಗಾದರೆ ಬರಿಗೈ ಇಟ್ಟಿಗೆ ಮುರಿಯುವುದು ಹೇಗೆ? ಇದಕ್ಕೆ ಮಾಂತ್ರಿಕ ಶಕ್ತಿ ಬೇಡ. 1979ರ ಏಪ್ರಿಲ್‌ನ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಮೈಕೆಲ್ ಫೆಲ್ಡ್, ರೊನಾಲ್ಡ್ ಮೆಕ್‌ನೇರ್, ಸ್ಟೀಫನ್ ವಿಲ್ಕ್ ಕರಾಟೆಯ ಭೌತಶಾಸ್ತ್ರದ ಬಗ್ಗೆ ಬರೆದರು. ನುರಿತವರ ಕೈ ಸೆಕೆಂಡಿಗೆ 10ರಿಂದ 14 ಮೀಟರ್ ವೇಗದಲ್ಲಿ ಹೋಗುತ್ತದೆ, 3,000 ನ್ಯೂಟನ್‌ಗಿಂತ ಹೆಚ್ಚಿನ ಬಲ ಹಾಕುತ್ತದೆ ಎಂಬುದು ಅವರ ಲೆಕ್ಕ. ಅಂದರೆ ಮುನ್ನೂರು ಕಿಲೋ ಭಾರ ಒಂದು ಗಳಿಗೆ ಬಂದು ಕೂತಂತೆ. ಕಾಂಕ್ರೀಟಿಗಿಂತ ಮೂಳೆ ಎಷ್ಟೋ ಪಟ್ಟು ಗಟ್ಟಿ. ಜೊತೆಗೆ ಚರ್ಮ, ಸ್ನಾಯು, ಸ್ನಾಯುರಜ್ಜು ಆ ಏಟನ್ನು ಹಂಚಿಕೊಳ್ಳುತ್ತವೆ. ಇವರಲ್ಲಿ ಮೆಕ್‌ನೇರ್ ಸ್ವತಃ ಕರಾಟೆಯ ಕಪ್ಪು ಬೆಲ್ಟಿನವರು, ಲೇಸರ್ ಭೌತಶಾಸ್ತ್ರಜ್ಞ. ಮುಂದೆ ಗಗನಯಾತ್ರಿಯಾಗಿ 1986ರ ಜನವರಿಯಲ್ಲಿ ಚಾಲೆಂಜರ್ ದುರಂತದಲ್ಲಿ ತೀರಿಕೊಂಡರು.

ಅವರ ಅಧ್ಯಯನದಲ್ಲಿ ನಮಗೆ ಬೇಕಾದ ಸಂಗತಿ ಇನ್ನೊಂದು. ತೋಳು ಪೂರ್ತಿ ಚಾಚುವ ಮೊದಲೇ, ಸುಮಾರು ಮುಕ್ಕಾಲು ದಾರಿಯಲ್ಲಿ, ಮುಷ್ಟಿಯ ವೇಗ ಶಿಖರ ಮುಟ್ಟಿ ಆಮೇಲೆ ಇಳಿಯುತ್ತದೆ. ಹಲಗೆಯ ಮೇಲ್ಮೈಯನ್ನೇ ಗುರಿ ಮಾಡಿಕೊಂಡವರು ಬ್ರೇಕ್ ಹಾಕುತ್ತಲೇ ಹಲಗೆಗೆ ತಲುಪುತ್ತಾರೆ. ಹಲಗೆಯ ಹಿಂದೆ ಒಂದು ಗೇಣು ದೂರದಲ್ಲಿ ಗುರಿಯಿದೆ ಎಂದುಕೊಂಡು ಹೊಡೆ ಎಂದು ಗುರುಗಳು ಹೇಳುತ್ತ ಬಂದದ್ದರ ಹಿಂದಿನ ಲೆಕ್ಕ ಇದೇ.

ಹಲಗೆ ನೆಡುವುದು, ಗುದ್ದುವುದು

ಹಿತ್ತಲಿದ್ದವರು ಹಲಗೆಯನ್ನು ತಾವೇ ಮಾಡಿಕೊಳ್ಳಬಹುದು. ಸುಮಾರು ಏಳು ಅಡಿ ಉದ್ದ, ನಾಲ್ಕು ಅಂಗುಲ ಅಗಲದ, ಬಾಗಿ ಮತ್ತೆ ನೆಟ್ಟಗಾಗುವ ಜಾತಿಯ ಮರ ಬೇಕು. ಬುಡ ಮೂರು ಅಂಗುಲ ದಪ್ಪವಿದ್ದು, ಮೇಲೆ ಹೋಗುತ್ತ ತೆಳುವಾಗಿ ತುದಿಯಲ್ಲಿ ಅರ್ಧ, ಮುಕ್ಕಾಲು ಅಂಗುಲಕ್ಕೆ ಬರುವಂತೆ ಬಡಗಿಯಿಂದ ಹೆರೆಸಿ. ಎರಡೂವರೆ ಅಡಿ ನೆಲದೊಳಗೆ ಹೋಗಲಿ. ಹೂಳುವಾಗ ನೆಲದ ಮಟ್ಟದಲ್ಲಿ ಹಲಗೆಯ ಹಿಂಬದಿಗೊಂದು ಕಲ್ಲು, ಗುಂಡಿಯ ತಳದಲ್ಲಿ ಮುಂಬದಿಗೊಂದು ಕಲ್ಲು ಒತ್ತಿಡಿ. ಗುದ್ದಿದಾಗ ಹಲಗೆ ಸನ್ನೆಯಂತೆ ತಿರುಗುವುದು ಈ ಎರಡು ಜಾಗದ ಮೇಲೆಯೇ. ಒಂದು ಅಂಗೈಯಿಂದ ತಳ್ಳಿದರೆ ತುದಿ ಎರಡು ಮೂರು ಅಂಗುಲ ಹಿಂದೆ ಹೋಗಬೇಕು. ಹೋಗದಿದ್ದರೆ ಇನ್ನಷ್ಟು ಹೆರೆಸಿ. ಗೋಡೆಗೆ ಮೊಳೆ ಹೊಡೆದು ಕೂರಿಸಿದ, ಜಪ್ಪಯ್ಯ ಅಂದರೂ ಅಲುಗದ ಹಲಗೆಗೆ ಗುದ್ದುವುದೂ ಗೋಡೆಗೆ ಗುದ್ದುವುದೂ ಒಂದೇ. ಹಲಗೆ ಹಿಂದೆ ಸರಿಯುವುದರಿಂದಲೇ ಮುಷ್ಟಿ ಕೊನೆಯವರೆಗೂ ಒತ್ತಿಕೊಂಡು ಹೋಗುವುದನ್ನು ಕಲಿಯುತ್ತದೆ, ಕೀಲಿಗೂ ಜೀವ ಉಳಿಯುತ್ತದೆ.

ಸುತ್ತಲು ಭತ್ತದ ಹುಲ್ಲಿನ ಹುರಿಯೇ ಒಳ್ಳೆಯದು. ಗದ್ದೆ ಕೊಯ್ಲಿನ ಕಾಲದಲ್ಲಿ ಮಲೆನಾಡಿನಲ್ಲೋ ಮಂಡ್ಯದ ಕಡೆಯೋ ಹುಲ್ಲಿಗೇನು ಬರ? ತೆಂಗಿನ ನಾರಿನ ಹಗ್ಗ ಸುತ್ತಬೇಡಿ, ಅದು ಗೆಣ್ಣಿನ ಚರ್ಮವನ್ನು ಸುಲಿದುಹಾಕುತ್ತದೆ. ಮೊದಲ ತಿಂಗಳುಗಳಲ್ಲಿ ಹುರಿಯ ಮೇಲೆ ದಪ್ಪ ರಬ್ಬರು ತುಂಡೋ ಹಳೆಯ ಚರ್ಮದ ಮೆತ್ತೆಯೋ ಕಟ್ಟಿ. ಫ್ಲ್ಯಾಟಿನಲ್ಲಿ ಇರುವವರಿಗೆ ಗೆಳೆಯನೊಬ್ಬ ಹಿಡಿದ ಮಿಟ್ಟು ಸಾಕು. ನೇತುಹಾಕಿದ ಭಾರದ ಚೀಲವೂ ಆಗಬಹುದು, ಆದರೆ ಮೊದಲು ಬ್ಯಾಂಡೇಜ್ ಸುತ್ತಿ, ಗ್ಲೌಸ್ ತೊಟ್ಟು.

ಗುದ್ದುವ ಕ್ರಮದಲ್ಲಿ ಅವಸರ ಬೇಡ. ಮಣಿಕಟ್ಟು, ಬೆರಳು ಎಲ್ಲ ತಿರುಗಿಸಿ ಬಿಸಿ ಮಾಡಿಕೊಳ್ಳಿ. ಹಲಗೆಗೆ ಮುಷ್ಟಿ ಇಟ್ಟು, ತೋಳು ಪೂರ್ತಿ ಚಾಚುವುದಕ್ಕೆ ಸ್ವಲ್ಪ ಮೊದಲು ತಾಗುವಷ್ಟು ದೂರ ಅಳೆದು ನಿಲ್ಲಿ. ಹೊಸಬರಿಗೆ ಒಂದೊಂದು ಕೈಗೆ ಹತ್ತು ಹದಿನೈದು ಗುದ್ದು, ಕಾಲು ಭಾಗ ಬಲದಲ್ಲಿ, ವಾರಕ್ಕೆ ಮೂರು ದಿನ. ಪ್ರತಿ ಗುದ್ದಿನ ಕೊನೆಗೆ ಮುಷ್ಟಿಯನ್ನು ಹಲಗೆಯ ಮೇಲೆ ಒಂದು ಗಳಿಗೆ ಒತ್ತಿ ನಿಲ್ಲಿಸಿ ನೋಡಿಕೊಳ್ಳಿ: ತಾಗಿದ್ದು ಯಾವ ಗೆಣ್ಣು? ಮಣಿಕಟ್ಟು ಸೊಟ್ಟಗಾಯಿತೇ? ಭುಜ ಮೇಲೆದ್ದಿತೇ? ಮೂರು ತಿಂಗಳಾದ ಮೇಲೆ ಬೇಕಾದರೆ ಸಂಖ್ಯೆ ಏರಿಸಿ, ಬಲ ಏರಿಸುವುದು ಅದಾದ ಮೇಲೆ. ಸಂಖ್ಯೆ, ಬಲ ಎರಡನ್ನೂ ಒಟ್ಟಿಗೆ ಏರಿಸಬೇಡಿ. ಚರ್ಮ ಸುಲಿದ ದಿನ ಅಲ್ಲಿಗೇ ಮುಗಿಸಿ. ರಕ್ತ ಕಾಣುವವರೆಗೆ ಗುದ್ದುವುದನ್ನು ಶೌರ್ಯ ಎಂದು ಕೆಲವು ಕಡೆ ಈಗಲೂ ಹೊಗಳುತ್ತಾರೆ. ಹಲವರು ಗುದ್ದುವ ಹುರಿಗೆ ಒಬ್ಬರ ರಕ್ತ ಅಂಟಿದರೆ ಅದು ಸೋಂಕು ಹರಡುವ ದಾರಿ. ಹುರಿ ಬದಲಿಸಬೇಕು, ಬೇರೆ ಮಾತಿಲ್ಲ.

ಮರುದಿನ ಬೆಳಿಗ್ಗೆ ಕೈ ಹೇಳುವುದನ್ನು ಕೇಳಿ. ಹಲ್ಲುಜ್ಜುವ ಬ್ರಷ್ಷು ಹಿಡಿಯುವಾಗ, ಬಾಟಲಿಯ ಮುಚ್ಚಳ ತಿರುಗಿಸುವಾಗ ಕೀಲು ನೋಯುತ್ತಿದ್ದರೆ ಹಿಂದಿನ ದಿನದ್ದು ಹೆಚ್ಚಾಯಿತು. ಬಾವು ಎರಡು ದಿನದಲ್ಲಿ ಇಳಿಯದಿದ್ದರೆ, ಬೆರಳು ಮಡಚಿದಾಗ ಒಂದರ ಮೇಲೊಂದು ಏರುತ್ತಿದ್ದರೆ, ಗೆಣ್ಣಿನ ಮೇಲಿನ ಸ್ನಾಯುರಜ್ಜು ಪಕ್ಕಕ್ಕೆ ಜಾರುತ್ತಿದ್ದರೆ ಎಕ್ಸ್‌ರೇಗೆ ಹೋಗಿ. ಹೆಬ್ಬೆರಳನ್ನು ಹಿಂದಕ್ಕೆ ಎತ್ತಿದಾಗ ಅದರ ಬುಡದಲ್ಲಿ ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿದರೆ ನೋವಿದ್ದರೆ ಉಳುಕು ಎಂದು ಸುಮ್ಮನಾಗಬೇಡಿ. ಆ ಜಾಗದ ಪುಟ್ಟ ಮೂಳೆಗೆ ರಕ್ತದ ಹರಿವು ಕಡಿಮೆ, ಮುರಿದದ್ದು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ನಿರ್ಲಕ್ಷಿಸಿದರೆ ಕೂಡಿಕೊಳ್ಳದೆ ಉಳಿದುಬಿಡುತ್ತದೆ.

ಚೊಲ್ಸಾಜಾಂಗ್ ಪದ್ಧತಿಯ ಬಗ್ಗೆ ಎರಡು ಮಾತು. ಕ್ಯಾನ್ವಾಸ್ ಚೀಲಕ್ಕೆ ಮೊದಲು ಹೆಸರುಕಾಳು, ಆಮೇಲೆ ಜಲ್ಲಿಹರಳು, ಕೊನೆಗೆ ಕಬ್ಬಿಣದ ಗುಂಡು ತುಂಬಿ, ಅಂಗೈಯನ್ನು ಸಡಿಲವಾಗಿ ಅದರ ಮೇಲೆ ಬೀಳಿಸುತ್ತ ಹೋಗುವುದು ಅದರ ಕ್ರಮ. ಬೀಳಿಸಬೇಕು, ಬಡಿಯಬಾರದು. ಬಯಸುವವರು ಹೆಸರುಕಾಳಿನ ಹಂತದಲ್ಲೇ ನಿಂತರೆ ಸಾಕು ಎನ್ನುವುದು ನನ್ನ ಅಭಿಪ್ರಾಯ. ಸೀಸದ ಗುಂಡು ಮಾತ್ರ ಯಾವ ಕಾರಣಕ್ಕೂ ತುಂಬಬೇಡಿ. ಅದರ ಧೂಳು ವಿಷ. ಜೊತೆಗೆ ಹಚ್ಚುವ ಗಿಡಮೂಲಿಕೆಯ ದ್ರಾವಣಗಳಲ್ಲಿ ಕೆಲವಕ್ಕೆ ವತ್ಸನಾಭಿ ಜಾತಿಯ ವಿಷದ ಬೇರು ಬೀಳುತ್ತದೆ, ಅದು ಚರ್ಮದ ಮೂಲಕವೂ ಒಳಗಿಳಿಯಬಲ್ಲದು. ಲೇಬಲ್ ಇಲ್ಲದ ಬಾಟಲಿ ಬೇಡ, ಗಾಯದ ಮೇಲಂತೂ ಏನೂ ಬೇಡ. ಬಿಸಿನೀರು, ಕೊಬ್ಬರಿ ಎಣ್ಣೆ ಹಚ್ಚಿ ಬೆರಳು ನೀವಿಕೊಳ್ಳುವುದು ಸಾಲದೇ?

ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪಟ್ಟಿಯೊಂದಿರುತ್ತದೆ. ಹೆಣ್ಣುಮಕ್ಕಳಲ್ಲಿ ಸ್ವಲ್ಪ ಮೊದಲು, ಗಂಡುಮಕ್ಕಳಲ್ಲಿ ಹದಿನಾರು ಹದಿನೇಳರ ಹೊತ್ತಿಗೆ ಅದು ಮುಚ್ಚಿಕೊಳ್ಳುತ್ತದೆ. ಅದಕ್ಕೂ ಮೊದಲು ಗೆಣ್ಣಿಗೆ ಪದೇ ಪದೇ ಪೆಟ್ಟು ಕೊಟ್ಟರೆ ಬೆರಳು ಗಿಡ್ಡವಾಗಿಯೋ ಸೊಟ್ಟಗೋ ಬೆಳೆಯಬಹುದು. ಆದ್ದರಿಂದ ಹೈಸ್ಕೂಲಿನ ಮಕ್ಕಳಿಗೆ ಹಲಗೆಯೂ ಬೇಡ, ಸಿಮೆಂಟ್ ನೆಲದ ಮೇಲೆ ಮುಷ್ಟಿದಂಡವೂ ಬೇಡ. ಸೇರಿಸುವ ಮೊದಲು ಅಪ್ಪ ಅಮ್ಮ ಮಾಸ್ಟರ್ ಹತ್ತಿರ ಹೋಗಿ, ‘ಸರ್, ಮಕ್ಕಳ ಕೈಯಲ್ಲಿ ಹೆಂಚು ಒಡೆಸ್ತೀರಾ?’ ಎಂದು ನೇರವಾಗಿ ಕೇಳಲಿ. ಹೌದು ಎಂದು ಹೆಮ್ಮೆಯಿಂದ ಹೇಳಿದರೆ ಬೇರೆ ತರಗತಿ ಹುಡುಕಬಹುದು.

ಮುರಿಯುವ ದಿನ

ಮುರಿಯುವುದಕ್ಕೆ ಕೊರಿಯನ್ನರು ಗ್ಯೊಕ್‌ಪಾ ಎನ್ನುತ್ತಾರೆ. 1950ರ ದಶಕದ ಮೊದಲ ವರ್ಷಗಳಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಎದುರು ನಡೆದ ಸೈನಿಕ ಪ್ರದರ್ಶನದಲ್ಲಿ ನಾಮ್ ತೇ ಹಿ ಎಂಬ ಅಧಿಕಾರಿ ಒಂದೇ ಗುದ್ದಿಗೆ 13 ಹೆಂಚು ಒಡೆದರಂತೆ. ಅಧ್ಯಕ್ಷರು ಅವರ ಗೆಣ್ಣುಗಳನ್ನು ತೋರಿಸಿ, ಇದರಿಂದಲೇ ಒಡೆದದ್ದಾ ಎಂದು ವಿಚಾರಿಸಿದರೆಂಬುದು ಟೇಕ್ವಾಂಡೋದವರು ಇಂದಿಗೂ ಹೇಳುವ ಕತೆ. ಈ ಕಲೆಗೆ ಸೇನೆಯಲ್ಲಿ ರಾಜಮರ್ಯಾದೆ ಸಿಗಲು ಆ ಹೆಂಚುಗಳೂ ಕಾರಣವಾದವು. ಕೊರಿಯಾದಲ್ಲಿ ಹುಟ್ಟಿ ಜಪಾನಿನಲ್ಲಿ ಮಸುತಾತ್ಸು ಒಯಾಮ ಎಂಬ ಹೆಸರಲ್ಲಿ ಮೆರೆದ ಚೊಯ್ ಯೊಂಗ್ ಉಯಿ, ಹೋರಿಯ ಕೊಂಬನ್ನು ಕೈಯಂಚಿನಿಂದ ಮುರಿದ ಸಾಹಸದಿಂದ ಜಗತ್ತಿಗೇ ಗೊತ್ತಾದರು. ಈಗ ಅಂತರರಾಷ್ಟ್ರೀಯ ಟೇಕ್ವಾಂಡೋ ಫೆಡರೇಶನ್ನಿನ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಮುಷ್ಟಿಯಿಂದ, ಕೈಯಂಚಿನಿಂದ ಹಲಗೆ ಮುರಿಯುವುದೇ ಒಂದು ಸ್ಪರ್ಧೆ. ಅಲ್ಲಿ ಬಳಸುವುದು ಮತ್ತೆ ಜೋಡಿಸಬಹುದಾದ ಪ್ಲಾಸ್ಟಿಕ್ ಹಲಗೆ.

ವೇದಿಕೆಯ ಮೇಲೆ ಕಾಣುವುದೆಲ್ಲ ಬಲವೇ ಅಲ್ಲ. ಹೆಂಚುಗಳ ನಡುವೆ ಪುಟ್ಟ ಪಟ್ಟಿಗಳನ್ನಿಟ್ಟು ಸಂದು ಬಿಟ್ಟಿದ್ದರೆ ಮೇಲಿನದು ಒಡೆದು ಬಿದ್ದು ಕೆಳಗಿನದನ್ನು ಒಡೆಯಲು ನೆರವಾಗುತ್ತದೆ. ಸಂದಿಲ್ಲದೆ ಒಂದರ ಮೇಲೊಂದು ಇಟ್ಟ ಹಲಗೆಗಳನ್ನು ಮುರಿಯುವುದು, ಸಂದು ಬಿಟ್ಟ ಅಷ್ಟೇ ಹಲಗೆಗಳಿಗಿಂತ ಕಷ್ಟ. ಹಲಗೆಯನ್ನು ಓವನ್ನಿನಲ್ಲಿ ಒಣಗಿಸಿ ತರುವವರೂ ಇದ್ದಾರೆ. ಒಣಗಿದ ಮರ ಬಿಸ್ಕತ್ತು, ಹಸಿ ಮರ ಹಠಮಾರಿ.

ನೀವು ಮೊದಲ ಸಲ ಮುರಿಯುವುದಾದರೆ ಪ್ಯಾಕಿಂಗ್ ಮರದ ಅಂಗಡಿಯಲ್ಲಿ ಪೈನ್ ಹಲಗೆ ಕೇಳಿ. ಮುಕ್ಕಾಲು ಅಂಗುಲ ದಪ್ಪ, 12 ಅಂಗುಲ ಅಗಲದ್ದನ್ನು ಆರಿಸಿ 10 ಅಂಗುಲಕ್ಕೊಂದರಂತೆ ಅಡ್ಡ ಕೊಯ್ಸಿ. ಆಗ ಮರದ ನಾರು 10 ಅಂಗುಲದ ಬದಿಗೆ ಸಮಾನಾಂತರವಾಗಿ ಬರುತ್ತದೆ, ಮುರಿಯುವುದೂ ಆ ನಾರಿನ ಗುಂಟವೇ. ಗಂಟಿರುವ ತುಂಡನ್ನು ಪಕ್ಕಕ್ಕೆ ಹಾಕಿ. ಮೊದಲ ಹಲಗೆಗೆ ಅಂಗೈಯ ಬುಡ ಅಥವಾ ಮೇಜುಮೊಕ್ ಸಾಕು, ಗೆಣ್ಣು ಆಮೇಲೆ. ಹಿಡಿಯುವವರು ನಾರಿಗೆ ಸಮಾನಾಂತರವಾದ ಎರಡು ಅಂಚುಗಳನ್ನು ಅಂಗೈಯ ಬುಡದಿಂದ ಒತ್ತಿ ಹಿಡಿದು, ಬೆರಳ ತುದಿ ಹಲಗೆಯ ಮುಂದಕ್ಕೆ ಚಾಚದಂತೆ ನೋಡಿಕೊಳ್ಳಬೇಕು. ಮೊಣಕೈ ಬಿಗಿದು, ಒಂದು ಕಾಲು ಹಿಂದಿಟ್ಟು, ಮುಖ ಪಕ್ಕಕ್ಕೆ ತಿರುಗಿಸಿ ನಿಲ್ಲಬೇಕು. ಏಟು ಬೀಳುವಾಗ ಅವರು ಹೆದರಿ ಹಲಗೆಯನ್ನು ಒಂದಂಗುಲ ಹಿಂದೆಳೆದರೂ ಸಾಕು, ಮುರಿಯಬೇಕಿದ್ದ ಬಲವೆಲ್ಲ ಹೊಡೆದವರ ಮಣಿಕಟ್ಟಿಗೆ ವಾಪಸಾಗುತ್ತದೆ. ಹಾಗಾಗಿ ಹೊಡೆಯುವವರು ಹೊಸಬರಾದರೆ ಹಿಡಿಯುವವರು ಹಳಬರೇ ಆಗಿರಲಿ. ಎರಡು ಸಲ ಹೊಡೆದೂ ಮುರಿಯದಿದ್ದರೆ ಮೂರನೆಯದಕ್ಕೆ ಹೋಗದೆ ಹಲಗೆ ಕೆಳಗಿಡಿಸಿ, ಕೈಗೆ ತಣ್ಣೀರು ಬಿಟ್ಟುಕೊಳ್ಳಿ.